ಹೊಡೆ ಹೊತ್ತಿನ ಚಳಿ, ತೆನೆ ತುಂಬ ಜೊಳ್ಳು

ಮಾನ್ಯ ಸಂಪಾದಕರೇ,

ತುಂಗಭದ್ರಾ ಜಲಾಶಯ ತಡವಾಗಿ ತುಂಬಿದ ವರ್ಷಗಳಲ್ಲಿ ಎಡದಂಡೆ ಕಾಲುವೆಯ ಕೊನೆ ಭಾಗದಿಂದ ಡಿಸೆಂಬರ್‌ನಲ್ಲಿ ಒಂದೇ ದೂರು ಕೇಳಿಬರುತ್ತದೆ: ಭತ್ತದ ತೆನೆ ಬಂದಿದೆ, ಬಾಗಿಲ್ಲ. ಗದ್ದೆ ಕಣ್ಣಿಗೆ ಹಸಿರಾಗಿದೆ, ಹುಳವಿಲ್ಲ, ರೋಗವಿಲ್ಲ, ಗೊಬ್ಬರಕ್ಕೆ ಕೊರತೆ ಮಾಡಿಲ್ಲ. ತೆನೆ ಮಾತ್ರ ಕಡ್ಡಿಯಂತೆ ನೆಟ್ಟಗೆ ನಿಂತಿದೆ, ಬೆರಳಲ್ಲಿ ಒತ್ತಿದರೆ ಬರೀ ಸಿಪ್ಪೆ, ಕಾಳಿಲ್ಲದ ಜೊಳ್ಳು. ಆಗ ಸಿಟ್ಟೆಲ್ಲ ಬೀಜ ಕೊಟ್ಟ ಅಂಗಡಿಯ ಮೇಲೆ, ಇಲ್ಲವೇ ಕೊನೆಗೆ ಹೊಡೆದ ಔಷಧಿಯ ಮೇಲೆ ತಿರುಗುತ್ತದೆ. ಕಳಪೆ ಬೀಜ, ನಕಲಿ ಔಷಧಿ ಪೇಟೆಯಲ್ಲಿ ಇಲ್ಲವೆಂದು ಯಾರೂ ಹೇಳಲಾರರು. ಆದರೆ ಈ ಬಗೆಯ ಜೊಳ್ಳಿಗೆ ಮೊದಲು ತಿರುವಿ ನೋಡಬೇಕಾದ್ದು ಕ್ಯಾಲೆಂಡರು. ತೆನೆ ಹೊರಬರುವ ಹತ್ತು-ಹನ್ನೆರಡು ದಿನ ಮೊದಲು ರಾತ್ರಿಗಳು ಎಷ್ಟು ತಣ್ಣಗಿದ್ದವು ಎಂಬುದನ್ನು ನೋಡಿದರೆ ಬಹುಪಾಲು ಉತ್ತರ ಅಲ್ಲೇ ಸಿಗುತ್ತದೆ.

ಭತ್ತದ ಪ್ರತಿ ಹೂವಿನೊಳಗೆ ಆರು ಪರಾಗಕೋಶಗಳಿವೆ. ತೆನೆ ಇನ್ನೂ ಎಲೆಕವಚದೊಳಗೆ ಅಡಗಿ, ಕಾಂಡ ಉಬ್ಬಿಕೊಂಡಿರುವಾಗಲೇ, ಅಂದರೆ ನಾವು ಹೊಡೆ ಎನ್ನುವ ಹೊತ್ತಿನಲ್ಲೇ, ಆ ಕೋಶಗಳೊಳಗೆ ಪರಾಗದ ಕಣಗಳು ರೂಪುಗೊಳ್ಳುತ್ತವೆ. ಒಂದು ತಾಯಿಕಣ ನಾಲ್ಕಾಗಿ ಒಡೆದು, ನಾಲ್ಕೂ ಬಿಡಿಬಿಡಿಯಾಗುತ್ತವೆ. ಹಾಗೆ ಬಿಡಿಯಾದ ಎಳೆ ಕಣಗಳ ಒಂದೆರಡು ದಿನವೇ ಭತ್ತದ ಇಡೀ ಆಯುಸ್ಸಿನಲ್ಲಿ ಚಳಿಗೆ ಅತಿ ನಾಜೂಕಾದ ಕಾಲ. ಕಣ ಒಡೆಯುವ ಹಂತವೇ ಹೆಚ್ಚು ಸೂಕ್ಷ್ಮ ಎಂಬ ನಂಬಿಕೆ ಮೊದಲಿತ್ತು. ಒಡೆದ ನಂತರದ ಎಳೆ ಕಣಗಳೇ ಹೆಚ್ಚು ಸೂಕ್ಷ್ಮ ಎಂದು 1970ರ ಹೊತ್ತಿಗೆ ಜಪಾನಿನ ಹೊಕ್ಕೈಡೊ ದ್ವೀಪದ ವಿಜ್ಞಾನಿಗಳು ತೋರಿಸಿಕೊಟ್ಟರು. ಚಳಿಯ ನಾಡಿನಲ್ಲಿ ಭತ್ತ ಬೆಳೆಯುವ ಹಟ ಇದ್ದವರಿಗೇ ಇದು ಹೊಳೆಯಬೇಕಿತ್ತು.

ಚಳಿ ಅಲ್ಲಿ ಮಾಡುವುದೇನು? ಪರಾಗಕೋಶದ ಒಳಗೋಡೆಗೆ ಅಂಟಿದಂತೆ ಒಂದು ತೆಳು ಪದರ ಇರುತ್ತದೆ, ಹೆಸರು ಟಪೀಟಮ್. ಎಳೆ ಕಣಗಳಿಗೆ ಉಣಿಸುವುದು ಅದರ ಕೆಲಸ. ಉಣಿಸಿ ಮುಗಿದ ಮೇಲೆ ತಾನೇ ಕರಗಿಹೋಗಬೇಕು. ರಾತ್ರಿಯ ಚಳಿಗೆ ಸಿಕ್ಕಿದ ಪದರ ಕರಗುವ ಬದಲು ಊದಿಕೊಳ್ಳುತ್ತದೆ, ಕೆಲಸ ಕೆಡುತ್ತದೆ. ಸಕ್ಕರೆಯನ್ನು ಒಡೆದು ಕಣದೊಳಕ್ಕೆ ಸಾಗಿಸುವ ಕಿಣ್ವವೂ ಮಂಕಾಗುತ್ತದೆ. ಹೀಗಾಗಿ ಪರಾಗಕೋಶದಲ್ಲಿ ಸಕ್ಕರೆ ರಾಶಿ ಬಿದ್ದಿದ್ದರೂ ಕಣಗಳು ಹಸಿದೇ ಉಳಿಯುತ್ತವೆ, ಅವುಗಳಲ್ಲಿ ಪಿಷ್ಟ ತುಂಬುವುದಿಲ್ಲ. ಹೂವು ಅರಳುವ ದಿನ ಪರಾಗಕೋಶ ಬಾಯಿ ಬಿಡುವುದಿಲ್ಲ. ಬಿಟ್ಟರೂ ಉದುರುವುದು ಬರಿದಾದ, ಮುದುಡಿದ ಕಣಗಳು. ಗಮನಿಸಬೇಕಾದ ಮಾತೆಂದರೆ ಹೆಣ್ಣು ಭಾಗಕ್ಕೆ ಹೆಚ್ಚಿನ ಪೆಟ್ಟು ಬಿದ್ದಿರುವುದಿಲ್ಲ. ಅದೇ ಹೂವಿಗೆ ಬೇರೆ ಗಿಡದ ಗಟ್ಟಿ ಪರಾಗ ತಂದು ಸೋಕಿಸಿದರೆ ಕಾಳು ಕಟ್ಟುತ್ತದೆ.

ಎರಡನೇ ಅಪಾಯದ ಹೊತ್ತು ಹೂವು ಅರಳುವ ವಾರ. ನಮ್ಮಲ್ಲಿ ಸಾಮಾನ್ಯವಾಗಿ ಬೆಳಿಗ್ಗೆ ಒಂಬತ್ತರಿಂದ ಹನ್ನೆರಡರೊಳಗೆ ಹೂವು ಬಾಯಿ ತೆರೆದು, ಗಂಟೆಯೊಳಗೆ ಮುಚ್ಚಿಕೊಳ್ಳುತ್ತದೆ. ಮೋಡ ಕವಿದು ತಣ್ಣಗಿದ್ದರೆ ಅರಳುವುದೇ ತಡವಾಗುತ್ತದೆ, ಕೆಲವು ಅರಳದೆಯೇ ಉಳಿಯುತ್ತವೆ. ಆದರೂ ಹೊಡೆ ಹಂತದ ಪೆಟ್ಟಿಗೆ ಹೋಲಿಸಿದರೆ ಇದು ಚಿಕ್ಕದು.

ಎಷ್ಟು ಡಿಗ್ರಿಗೆ ಹಾನಿ ಎಂದು ಕೇಳುವವರಿಗೆ ಒಂದೇ ಅಂಕಿ ಕೊಡಲಾಗದು. ಜಪಾನಿನ ಚಳಿ ತಡೆಯುವ ತಳಿಗಳಿಗೆ 15ರಿಂದ 17 ಡಿಗ್ರಿ, ನಾಜೂಕು ತಳಿಗಳಿಗೆ 17ರಿಂದ 19 ಡಿಗ್ರಿ ಸೆಲ್ಸಿಯಸ್ ಗಡಿ ಎಂದು ಗುರುತಿಸಲಾಗಿದೆ. ನಮ್ಮ ಇಂಡಿಕಾ ಜಾತಿಯ ತಳಿಗಳು ಸಾಮಾನ್ಯವಾಗಿ ಅವಕ್ಕಿಂತ ನಾಜೂಕು. ಎಷ್ಟು ದಿನ ಎಂಬುದೂ ಅಷ್ಟೇ ಮುಖ್ಯ. ಅಲ್ಲಿನದೇ ಪ್ರಯೋಗಗಳಲ್ಲಿ 12 ಡಿಗ್ರಿ ಚಳಿ ಎರಡೇ ದಿನ ಇದ್ದಾಗ ಜೊಳ್ಳು ಬೀಳಲಿಲ್ಲ, ಆರು ದಿನ ಮುಂದುವರಿದಾಗ ಹೆಚ್ಚುಕಡಿಮೆ ಇಡೀ ತೆನೆ ಜೊಳ್ಳಾಯಿತು. ರಾಯಚೂರು, ಕೊಪ್ಪಳದ ಕಡೆ ಹಗಲು 28-30 ಡಿಗ್ರಿ ಬಿಸಿಲು ಇರುವುದರಿಂದ ಒಂದು ರಾತ್ರಿಯ ಚಳಿಯನ್ನು ಗಿಡ ತಡೆದುಕೊಳ್ಳುತ್ತದೆ. ಉತ್ತರದ ಒಣ ಗಾಳಿ ಸತತ ನಾಲ್ಕೈದು ರಾತ್ರಿ ಬೀಸಿದರೆ, ಅಥವಾ ಬಂಗಾಳಕೊಲ್ಲಿಯ ವಾಯುಭಾರ ಕುಸಿತದಿಂದ ಮೋಡ ಮುಚ್ಚಿ ಹಗಲೂ ಕಾಯದೆ ಹೋದರೆ ಕಷ್ಟ.

ಇನ್ನು ಗುರುತಿಸುವ ಬಗೆ. ಜೊಳ್ಳಿಗೆ ಹತ್ತು ಕಾರಣಗಳಿವೆ, ಎಲ್ಲವನ್ನೂ ಚಳಿಯ ತಲೆಗೆ ಕಟ್ಟುವುದೂ ತಪ್ಪು. ತೆನೆ ಪೂರ್ತಿ ಬೆಳ್ಳಗಾಗಿ, ಹಿಡಿದು ಎಳೆದರೆ ಸಲೀಸಾಗಿ ಕಿತ್ತು ಬಂದರೆ ಅದು ಕಾಂಡಕೊರಕ. ತೆನೆಯ ಕುತ್ತಿಗೆ ಕಪ್ಪಾಗಿ ಸೊರಗಿ ಅಲ್ಲೇ ಮುರಿದು ಜೋತರೆ ಕುತ್ತಿಗೆ ಬೆಂಕಿ ರೋಗ. ಗದ್ದೆಯ ನಡುವೆ ದುಂಡಗೆ ಸುಟ್ಟಂತೆ ಒಣಗಿದ್ದರೆ ಬುಡ ಬಿಡಿಸಿ ಕಂದು ಜಿಗಿಹುಳು ಇದೆಯೇ ನೋಡಿ. ಚಳಿಯ ಜೊಳ್ಳಿನಲ್ಲಿ ಕುತ್ತಿಗೆ ಹಸಿರಾಗಿ ಗಟ್ಟಿಯಾಗಿರುತ್ತದೆ, ಎಳೆದರೆ ಬರುವುದಿಲ್ಲ, ಸಿಪ್ಪೆಯ ಮೇಲೆ ಚುಚ್ಚಿದ ಕಲೆ ಇರುವುದಿಲ್ಲ. ತೆನೆಯ ಬುಡದ ಒಂದು ಭಾಗ ಎಲೆಕವಚದಿಂದ ಹೊರಬರದೆ ಸಿಕ್ಕಿಕೊಂಡಿರುವುದು ಸಾಮಾನ್ಯ. ಹಾಗೆ ಸಿಕ್ಕಿಕೊಂಡ ಕಡೆ ಎಲೆಕವಚ ಕೊಳೆ ರೋಗ ಆಮೇಲೆ ಬಂದು ಕೂರುತ್ತದೆ. ನೋಡಿದವರು ರೋಗದಿಂದಲೇ ಜೊಳ್ಳಾಯಿತು ಎನ್ನುತ್ತಾರೆ.

ಖಚಿತ ಮಾಡಿಕೊಳ್ಳಲು ತೆನೆ ಹೊರಬಂದ ಮೊದಲ ಎರಡು-ಮೂರು ದಿನದಲ್ಲಿ, ಹೂವು ಅರಳುವ ಮುನ್ನ, ಬೆಳಿಗ್ಗೆ ಎಂಟರ ಹೊತ್ತಿಗೆ ಗದ್ದೆಗಿಳಿಯಬೇಕು. ತೆನೆಯ ನಡುಭಾಗದಿಂದ ಅರಳದ ಒಂದು ಹೂವು ಕಿತ್ತು, ಉಗುರಿನಿಂದ ಸಿಪ್ಪೆಯ ಎರಡು ಹೋಳು ಬಿಡಿಸಿ ಅಂಗೈ ಮೇಲೆ ಇಟ್ಟರೆ ಆರು ಪರಾಗಕೋಶಗಳು ಕಾಣುತ್ತವೆ. ಆರೋಗ್ಯವಾಗಿದ್ದರೆ ದಪ್ಪಗೆ, ನಿಂಬೆ ಹಳದಿ ಬಣ್ಣ. ಚಳಿ ಹೊಡೆದಿದ್ದರೆ ಸಣಕಲು, ಬಿಳಿಚಿಕೊಂಡ ಬಣ್ಣ, ಹಿಸುಕಿದರೆ ಬೆರಳಿಗೆ ಪುಡಿ ಅಂಟುವುದಿಲ್ಲ. ಕೃಷಿ ವಿಜ್ಞಾನ ಕೇಂದ್ರದಲ್ಲಿ ಸೂಕ್ಷ್ಮದರ್ಶಕ ಇದ್ದರೆ ಇನ್ನೂ ಸುಲಭ. ಪರಾಗದ ಮೇಲೆ ಅಯೋಡಿನ್ ದ್ರಾವಣದ ಒಂದು ಹನಿ ಹಾಕಿದರೆ ಪಿಷ್ಟ ತುಂಬಿದ ಕಣ ಕಡು ನೀಲಿಗೆ ತಿರುಗುತ್ತದೆ, ಬರಿದಾದದ್ದು ಮಾಸಲು ಹಳದಿಯಾಗಿಯೇ ಉಳಿಯುತ್ತದೆ. ಹದಿನೈದು ದಿನ ಕಳೆದ ಮೇಲಾದರೆ ತೆನೆಯನ್ನು ಬಿಸಿಲಿಗೆ ಎತ್ತಿ ಹಿಡಿದರೆ ಸಾಕು. ಕಾಳು ಕಟ್ಟಿದ್ದು ಬೆಳಕು ತಡೆಯುತ್ತದೆ, ಜೊಳ್ಳಿನೊಳಗಿಂದ ಬೆಳಕು ಹಾಯುತ್ತದೆ.

ಗದ್ದೆಯ ಐದು ಕಡೆಯಿಂದ ಎರಡೆರಡು ತೆನೆ ತಂದು ಎಣಿಸಿ. ನೂರಕ್ಕೆ ಹತ್ತು-ಹದಿನೈದು ಜೊಳ್ಳು ಒಳ್ಳೆಯ ಬೆಳೆಯಲ್ಲೂ ಇರುವಂಥದ್ದೇ. ಎಕರೆಗೆ 75 ಕಿಲೋದ 40 ಚೀಲ ಬರುವ ಗದ್ದೆಯಲ್ಲಿ ಜೊಳ್ಳು 15ರಿಂದ 50ಕ್ಕೆ ಏರಿದರೆ ಇಳುವರಿ 23-24 ಚೀಲಕ್ಕೆ ಇಳಿಯುತ್ತದೆ. ಉಳಿದ ಕಾಳುಗಳಾದರೂ ದಪ್ಪಗಾಗಿ ನಷ್ಟ ತುಂಬಿಕೊಡುತ್ತವೆ ಎಂಬ ಆಸೆ ಬೇಡ. ಭತ್ತದ ಕಾಳು ತನ್ನ ಸಿಪ್ಪೆಯ ಅಳತೆ ಮೀರಿ ಬೆಳೆಯಲಾರದು.

ಇದಕ್ಕೆ ಪರಿಹಾರ ಬಹುಮಟ್ಟಿಗೆ ಸಸಿಮಡಿ ಹಾಕುವ ದಿನವೇ ತೀರ್ಮಾನವಾಗಿಬಿಡುತ್ತದೆ. ಸೋನಾ ಮಸೂರಿ ಎಂದು ನಾವು ಬೆಳೆಯುವ ಬಿಪಿಟಿ 5204 ಸುಮಾರು 150 ದಿನದ ತಳಿ. ಕೊಯ್ಲಿಗೆ ತಿಂಗಳಿಗೂ ತುಸು ಹೆಚ್ಚು ಮೊದಲು, ಅಂದರೆ ಬಿತ್ತಿದ 115-120ನೇ ದಿನಕ್ಕೆ ತೆನೆ ಹೊರಬರುತ್ತದೆ. ಜುಲೈ 15ಕ್ಕೆ ಸಸಿಮಡಿ ಹಾಕಿದರೆ ತೆನೆ ನವೆಂಬರ್ 10ರ ಸುಮಾರಿಗೆ, ಸೂಕ್ಷ್ಮ ಘಳಿಗೆ ಅಕ್ಟೋಬರ್ ಕೊನೆಗೆ. ಆಗ ಚಳಿಯ ಭಯ ಇಲ್ಲ. ಕಾಲುವೆ ನೀರು ತಡವಾಗಿ ಆಗಸ್ಟ್ 15ಕ್ಕೆ ಸಸಿಮಡಿ ಹಾಕಿದರೆ ತೆನೆ ಡಿಸೆಂಬರ್ 11ರ ಹೊತ್ತಿಗೆ, ಸೂಕ್ಷ್ಮ ಘಳಿಗೆ ನವೆಂಬರ್ ಕೊನೆ ಮತ್ತು ಡಿಸೆಂಬರ್ ಮೊದಲ ದಿನಗಳಲ್ಲಿ. ಚಳಿಗೆ ಗಿಡದ ಬೆಳವಣಿಗೆಯೇ ನಿಧಾನವಾಗುವುದರಿಂದ ಅದು ಇನ್ನಷ್ಟು ಮುಂದಕ್ಕೆ, ಇನ್ನಷ್ಟು ಚಳಿಗೆ ಜಾರುತ್ತದೆ. ಅದೇ ಆಗಸ್ಟ್ 15ಕ್ಕೆ 125 ದಿನದ ಆರ್‌ಎನ್‌ಆರ್ 15048ರಂಥ ತಳಿ ಹಾಕಿದರೆ ನವೆಂಬರ್ 20ರೊಳಗೆ ತೆನೆ ಬರುತ್ತದೆ. ಅಕ್ಕಿಯ ಬೆಲೆಯ ಲೆಕ್ಕದಲ್ಲಿ ಸೋನಾ ಮಸೂರಿಯನ್ನು ಬಿಡಲು ಮನಸ್ಸಾಗುವುದಿಲ್ಲ ಎಂಬುದು ಗೊತ್ತು. ಆಗಸ್ಟ್ ಎರಡನೇ ವಾರ ದಾಟಿದ ಮೇಲೆ ಆ ಲೆಕ್ಕವನ್ನು ಜೊಳ್ಳಿನ ಚೀಲ ಕಳೆದು ಹಾಕಿ ನೋಡಬೇಕು.

ನಾಟಿ ತಡವಾಗಿಯೇ ಹೋಗಿದೆ, ತಳಿಯೂ ದೀರ್ಘಾವಧಿಯದು, ಮುಂದೇನು? ಉಳಿದಿರುವ ಆಯುಧ ನೀರು. ಸೂಕ್ಷ್ಮ ಘಳಿಗೆಯಲ್ಲಿ ತೆನೆ ಗಿಡದ ತುದಿಯಲ್ಲಿ ಇರುವುದಿಲ್ಲ, ಕವಚದೊಳಗೆ ನೆಲದಿಂದ ಒಂದು ಗೇಣಿನ ಆಸುಪಾಸಿನಲ್ಲಿ ಕುಳಿತಿರುತ್ತದೆ. ಆ ಮಟ್ಟದವರೆಗೆ ನೀರು ನಿಲ್ಲಿಸಿದರೆ ಹೊರಗಿನ ಗಾಳಿ 12 ಡಿಗ್ರಿಗೆ ಇಳಿದರೂ ತೆನೆ ನೀರಿನ ಬೆಚ್ಚಗಿನಲ್ಲೇ ಉಳಿಯುತ್ತದೆ. ನೀರು ಹಗಲಿನ ಕಾವನ್ನು ಹಿಡಿದಿಟ್ಟು ಮೆಲ್ಲಗೆ ಬಿಡುತ್ತದೆ. ಜಪಾನಿನ ಉತ್ತರ ಭಾಗದಲ್ಲಿ ಹೊಡೆ ಹೊತ್ತಿಗೆ 20 ಸೆಂಟಿಮೀಟರ್‌ವರೆಗೆ, ಆಸ್ಟ್ರೇಲಿಯಾದ ರಿವರೀನಾ ಬಯಲಿನಲ್ಲಿ 20ರಿಂದ 25 ಸೆಂಟಿಮೀಟರ್ ನೀರು ನಿಲ್ಲಿಸುವುದು ರೂಢಿ. ನಮ್ಮ ಐದು ಸೆಂಟಿಮೀಟರ್ ನೀರಿಗೆ ಈ ಕೆಲಸ ಆಗದು.

ಆ ಘಳಿಗೆ ಬಂದದ್ದು ತಿಳಿಯುವುದು ಹೇಗೆಂದರೆ ಎರಡು ಎಲೆಗಳನ್ನು ನೋಡಿ. ತುತ್ತತುದಿಯ ಪತಾಕೆ ಎಲೆ, ಅದರ ಕೆಳಗಿನದು. ಎಲೆಯ ಅಲಗು ಕವಚಕ್ಕೆ ಕೂಡುವಲ್ಲಿ ಒಂದು ಕೀಲು ಇರುತ್ತದೆ, ಬದಿಗೆ ಪುಟ್ಟ ಕಿವಿಯಂತೆ ಚಾಚಿರುತ್ತದೆ. ಪತಾಕೆ ಎಲೆಯ ಕೀಲು ಮೇಲೇರುತ್ತ ಬಂದು ಕೆಳಗಿನ ಎಲೆಯ ಕೀಲಿಗೆ ಸಮನಾದ ಆಸುಪಾಸಿನ ದಿನಗಳೇ ಅಪಾಯದ ಶಿಖರ. ಐದಾರು ಸೆಂಟಿಮೀಟರ್ ಕೆಳಗಿರುವಾಗಲೇ ನೀರು ಏರಿಸಲು ತೊಡಗಿ, ಕೀಲು ಮೇಲೆ ಹತ್ತು ಸೆಂಟಿಮೀಟರ್ ದಾಟುವವರೆಗೆ ನೀರನ್ನು ಹಾಗೇ ಉಳಿಸಿಕೊಳ್ಳಬೇಕು. ಒಂದು ಗಿಡದ ತಾಯಿಕಾಂಡಕ್ಕೂ ಬುಡದಿಂದ ಒಡೆದ ಕೊನೆಯ ಕವಲಿಗೂ, ಅಂದರೆ ತೆಂಡೆಗೂ, ದಿನಗಳ ಅಂತರ ಇರುವುದರಿಂದ ಗದ್ದೆಗೆ ಒಟ್ಟು ಹತ್ತು-ಹದಿನಾಲ್ಕು ದಿನ ಬೇಕಾಗುತ್ತದೆ. ತೆನೆ ಹೊರಬಂದ ಮೇಲೆ ಅದು ನೀರಿನಿಂದ ಮೊಣಕಾಲೆತ್ತರ ಮೇಲಿರುತ್ತದೆ. ಆಗ ಆಳ ನೀರು ನಿಲ್ಲಿಸಿ ಪ್ರಯೋಜನ ಇಲ್ಲ, ಇಳಿಸಿಬಿಡಿ.

ಇಲ್ಲಿ ಕೈಕೊಡುವುದು ಬದು. 15 ಸೆಂಟಿಮೀಟರ್ ಬದುವಿನಲ್ಲಿ 20 ಸೆಂಟಿಮೀಟರ್ ನೀರು ನಿಲ್ಲದು. ಹೊಡೆಗೆ ಎರಡು ವಾರ ಮುಂಚೆಯೇ ಬದುವನ್ನು ಒಂದು ಅಡಿಗೆ ಏರಿಸಿ, ಏಡಿ ತೂತು, ಇಲಿ ಬಿಲ ಮೆತ್ತಿ, ತೂಬಿಗೆ ಮಣ್ಣು ಬಡಿದಿರಬೇಕು. ಹೆಗ್ಗದ್ದೆಯಾದರೆ ಒಂದು ಮೂಲೆ 25 ಸೆಂಟಿಮೀಟರ್, ಇನ್ನೊಂದು ಮೂಲೆ ಎಂಟು ಎಂಬಂತೆ ಆಗುತ್ತದೆ. ಜೊಳ್ಳು ಬರುವುದು ಆ ದಿಬ್ಬದ ಮೂಲೆಯಲ್ಲೇ. ನೀರು ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹರಿದು ಹೋಗುತ್ತಿದ್ದರೂ ಕಾವು ನಿಲ್ಲುವುದಿಲ್ಲ. ತುಂಬಿಸಿ ಕಟ್ಟಿಬಿಡಬೇಕು, ಇಂಗಿದಷ್ಟನ್ನು ಮಾತ್ರ ತುಂಬಬೇಕು. ಕೊಳವೆಬಾವಿ ಇದ್ದವರಿಗೆ ಅನುಕೂಲ ಹೆಚ್ಚು, ಡಿಸೆಂಬರ್ ರಾತ್ರಿಯಲ್ಲಿ ಆ ನೀರು ಗಾಳಿಗಿಂತ ಬೆಚ್ಚಗಿರುತ್ತದೆ. ಮಲೆನಾಡು, ಕೊಡಗಿನ ಕಥೆ ಬೇರೆ. ಅಲ್ಲಿ ಕಾಡಿನ ನೆರಳಲ್ಲಿ ಹರಿದು ಬರುವ ತೊರೆಯ ನೀರು ನೇರ ಮೇಲಿನ ಗದ್ದೆಗೆ ಬೀಳುತ್ತದೆ. ನೀರು ಬೀಳುವ ಬಾಯಿಯ ಸುತ್ತ ಬೀಸಣಿಗೆ ಬಿಚ್ಚಿದ ಹಾಗೆ ತಡವಾಗಿ ತೆನೆ ಬಂದ, ಜೊಳ್ಳು ಹೆಚ್ಚಿರುವ ತುಂಡು ಕಂಡರೆ ತಣ್ಣೀರಿನದೇ ಕೆಲಸ. ಬದುವಿನ ಗುಂಟ ಬಿಸಿಲಿಗೆ ತೆರೆದ ಉದ್ದ ಕಾಲುವೆ ತೆಗೆದು, ಸುತ್ತಿ ಬಂದ ನೀರನ್ನು ಒಳಬಿಟ್ಟರೆ ಅಷ್ಟರಲ್ಲಿ ಅದು ಸ್ವಲ್ಪ ಕಾಯುತ್ತದೆ.

ಯೂರಿಯಾದ ಬಗ್ಗೆ ಒಂದು ಮಾತು. ಸಾರಜನಕ ಹೆಚ್ಚಾದ ಗಿಡದಲ್ಲಿ ಗಟ್ಟಿ ಪರಾಗದ ಸಂಖ್ಯೆ ಕಡಿಮೆಯಾಗುತ್ತದೆ, ಅದೇ ಚಳಿಗೆ ಹೆಚ್ಚು ಜೊಳ್ಳು ಬೀಳುತ್ತದೆ. ತಡವಾದ ತೆಂಡೆಗಳೂ ಹೆಚ್ಚುತ್ತವೆ, ಅವೆಲ್ಲ ಇನ್ನೂ ಚಳಿ ಏರಿದ ಮೇಲೆ ಹೊಡೆಗೆ ಬರುತ್ತವೆ. ಎಕರೆಗೆ 60 ಕಿಲೋ ಸಾರಜನಕ ಎಂದರೆ 45 ಕಿಲೋದ ಮೂರು ಚೀಲ ಯೂರಿಯಾಕ್ಕೂ ತುಸು ಕಡಿಮೆ, ಡಿಎಪಿ ಹಾಕಿದ್ದರೆ ಅದರ ಪ್ರತಿ ಚೀಲಕ್ಕೆ ಒಂಬತ್ತು ಕಿಲೋ ಅದರಲ್ಲೇ ಕಳೆಯಬೇಕು. ನಾಟಿ ತಡವಾಯಿತು, ಬೆಳೆ ಬೇಗ ಎದ್ದುಬರಲಿ ಎಂದು ಹೆಚ್ಚುವರಿ ಚೀಲ ಎರಚುವವರೇ ಬಹಳ. ಬೆಳೆ ಏಳುತ್ತದೆ, ತೆನೆ ಏಳುವುದಿಲ್ಲ.

ತೆನೆ ನೆಟ್ಟಗೆ ನಿಂತದ್ದು ಕಂಡ ಮೇಲೆ ಅಂಗಡಿಯಲ್ಲಿ ಹಾರ್ಮೋನು, ಬೋರಾನ್, ಟಾನಿಕ್ಕುಗಳ ಬಾಟಲಿ ಕೈಗೆ ಬರುತ್ತದೆ. ಸತ್ತ ಪರಾಗವನ್ನು ಯಾವ ಸಿಂಪಡಣೆಯೂ ಎಬ್ಬಿಸದು. ಜಿಬ್ಬರೆಲಿಕ್ ಆಮ್ಲದಿಂದ ಸಿಕ್ಕಿಕೊಂಡ ತೆನೆ ಹೊರಬರಬಹುದು, ಹೈಬ್ರಿಡ್ ಬೀಜೋತ್ಪಾದನೆಯಲ್ಲಿ ಅದನ್ನು ಬಳಸುವುದು ಅದಕ್ಕೇ. ಹೊರಬಂದದ್ದು ಜೊಳ್ಳು ತೆನೆಯೇ. ಬೋರಾನ್ ಕೊರತೆಯಿಂದಲೂ ಪರಾಗ ಕೆಡುತ್ತದೆ ನಿಜ, ಆದರೆ ಅದನ್ನು ಮಣ್ಣು ಪರೀಕ್ಷೆ ಮಾಡಿಸಿ ಹೊಡೆಗೆ ಮೊದಲೇ ಸರಿಪಡಿಸಬೇಕು.

ಇದೆಲ್ಲ ರೈತರೊಬ್ಬರೇ ಮಾಡಿ ಮುಗಿಯುವ ಕೆಲಸವಲ್ಲ ಎಂಬುದೇ ಈ ಪತ್ರದ ಕಾರಣ. ನೀರಾವರಿ ಸಲಹಾ ಸಮಿತಿ ಕಾಲುವೆಗೆ ನೀರು ಬಿಡುವ ದಿನಾಂಕ ಪ್ರಕಟಿಸುವಾಗ, ಅದೇ ಪ್ರಕಟಣೆಯಲ್ಲಿ 150 ದಿನದ ತಳಿಗೆ ಸಸಿಮಡಿಯ ಕೊನೆಯ ದಿನ ಯಾವುದು, 125 ದಿನದ ತಳಿಗೆ ಯಾವುದು ಎಂದು ಬರೆಯಲು ಒಂದು ಸಾಲು ಸಾಕು. ನವೆಂಬರ್ ಕೊನೆಯಿಂದ ಡಿಸೆಂಬರ್ ನಡುವಿನವರೆಗೆ, ತಡವಾಗಿ ನಾಟಿಯಾದ ಕೊನೆ ಭಾಗದ ವಿತರಣಾ ಕಾಲುವೆಗಳಿಗೆ ಸರದಿಯ ಹೆಸರಲ್ಲಿ ನೀರು ನಿಲ್ಲಿಸಬಾರದು. ಆಳ ನೀರು ಬೇಕಾದ ಹೊತ್ತಿಗೆ ಗದ್ದೆ ಬಿರುಕು ಬಿಟ್ಟಿದ್ದರೆ ಮೇಲೆ ಹೇಳಿದ್ದೆಲ್ಲ ಕಾಗದದ ಮಾತು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿ ಮಟ್ಟದಲ್ಲಿ ಹವಾಮಾನ ಮಾಪನ ಕೇಂದ್ರಗಳನ್ನು ಇಟ್ಟಿದೆ. ಅವುಗಳ ಕನಿಷ್ಠ ತಾಪಮಾನ 17ಕ್ಕಿಂತ ಕೆಳಗಿಳಿಯುವ ಮುನ್ಸೂಚನೆ ಸಿಕ್ಕ ಕೂಡಲೇ ಆ ಹೋಬಳಿಯ ರೈತರ ಮೊಬೈಲಿಗೆ ‘ಹೊಡೆ ಹಂತದ ಗದ್ದೆಗೆ ನೀರು ಏರಿಸಿ’ ಎಂಬ ಸಂದೇಶ ಹೋಗಲಿ. ಚಳಿ ಬಂದು ಹೋದ ಮೇಲೆ ಬರುವ ಸಲಹೆ ಯಾರಿಗೂ ಬೇಡ.

ಪರಿಹಾರದ ಮಾತೂ ಇದೆ. ಫಸಲ್ ಬಿಮಾ ಬೆಳೆ ವಿಮೆಯಲ್ಲಿ ಭತ್ತದ ನಷ್ಟ ಮುಖ್ಯವಾಗಿ ಪಂಚಾಯಿತಿಯ ಬೆಳೆ ಕಟಾವು ಪ್ರಯೋಗದ, ಅಂದರೆ ಆಯ್ದ ಕೆಲವು ಗದ್ದೆ ಕೊಯ್ದು ಅಳೆದ ಇಳುವರಿಯ, ಸರಾಸರಿ ಮೇಲೆ ನಿಂತಿದೆ. ಬೇಗ ನಾಟಿಯಾದ ಗದ್ದೆ ಚೆನ್ನಾಗಿ ಬಂದರೆ, ತಡವಾಗಿ ನಾಟಿಯಾದ ಗದ್ದೆಯ ಜೊಳ್ಳು ಸರಾಸರಿಯಲ್ಲಿ ಮುಳುಗಿಹೋಗುತ್ತದೆ. ಆದರೆ ವಿಕೋಪ ಪರಿಹಾರ ನಿಧಿಯ ಕೇಂದ್ರದ ಪಟ್ಟಿಯಲ್ಲಿ ಬರ, ಪ್ರವಾಹ, ಆಲಿಕಲ್ಲುಗಳ ಜತೆ ಶೀತಗಾಳಿಯೂ ಇದೆ. 33 ಶೇಕಡಾ ಅಥವಾ ಅದಕ್ಕಿಂತ ಹೆಚ್ಚು ಬೆಳೆ ಹಾಳಾದರೆ ನೆರವಿಗೆ ಅವಕಾಶವಿದೆ. ಜಂಟಿ ಸಮೀಕ್ಷೆಗೆ ಬಂದವರು ಕಾರಣದ ಅಂಕಣದಲ್ಲಿ ‘ರೋಗ’ ಎಂದೋ ‘ಇತರೆ’ ಎಂದೋ ಬರೆದು ಹೋದರೆ ಆ ಬಾಗಿಲು ಮುಚ್ಚುತ್ತದೆ. ಸಮೀಕ್ಷೆಗೆ ಮುಂಚೆ ಕೊಯ್ಲು ಮಾಡಬೇಡಿ. ಸಸಿಮಡಿಯ ದಿನಾಂಕ, ತಳಿ, ಬೀಜದ ರಸೀದಿ, ಹತ್ತು ತೆನೆಯ ಎಣಿಕೆ, ಹೋಬಳಿಯ ಕನಿಷ್ಠ ತಾಪಮಾನದ ಪ್ರತಿ, ಇಷ್ಟನ್ನು ಅರ್ಜಿಗೆ ಲಗತ್ತಿಸಿ.

ಇನ್ನೊಂದು ಪ್ರಶ್ನೆ ಬರುತ್ತದೆ: ಜೊಳ್ಳು ಬಿದ್ದ ಗದ್ದೆಯ ಕಾಳನ್ನು ಮುಂದಿನ ಬಿತ್ತನೆಗೆ ಇಡಬಹುದೇ? ಚಳಿಯ ಜೊಳ್ಳು ವಂಶಕ್ಕೆ ಇಳಿಯುವುದಿಲ್ಲ, ಆ ಕಾಳಿನಿಂದ ಹುಟ್ಟಿದ ಗಿಡಕ್ಕೆ ದೋಷವಿಲ್ಲ. ಆದರೆ ಪರಾಗ ಸಿಗದ ಹೂವು ಬಾಯಿ ತೆರೆದೇ ಹೆಚ್ಚು ಹೊತ್ತು ಕಾಯುತ್ತದೆ, ಪಕ್ಕದ ಗದ್ದೆಯ ಬೇರೆ ತಳಿಯ ಪರಾಗ ಅಲ್ಲಿಗೆ ಹಾರಿ ಬಂದು ಬೆರಕೆಯಾಗುವುದು ಉಂಟು. ಹಾಗಾಗಿ ಊಟಕ್ಕೆ, ಮಾರಾಟಕ್ಕೆ ಸರಿ. ಬೀಜಕ್ಕೆ ಬೇರೆ ಗದ್ದೆಯದನ್ನೇ ಇಟ್ಟು, ನೂರು ಕಾಳು ಒದ್ದೆ ಗೋಣಿಯಲ್ಲಿ ಸುತ್ತಿ 80 ಮೊಳೆಯುತ್ತವೆಯೇ ನೋಡಿಕೊಳ್ಳಿ.

ಇಂತಿ,
ಭತ್ತದ ಕೃಷಿಯಲ್ಲಿ ತೊಡಗಿರುವ ಓದುಗರು,
ಸಿಂಧನೂರು